ಹಿರೇಗುಂದದ ಕಂಬಳಿತೋಟ

ಹಿರೇಗುಂದದ ಬಸ್ ನಿಲ್ದಾಣದಲ್ಲಿಳಿದು ಕೋಟೆಬಾಗಿಲಿನ ಕಡೆಗೆ ನಡೆದರೆ, ಬಾಯಲ್ಲಿಟ್ಟ ಎಲೆಯಡಿಕೆ ಮುಗಿಯುವಷ್ಟರಲ್ಲಿ ಕಂಬಳಿತೋಟ ಸಿಗುತ್ತದೆ. ನಗರಸಭೆಯ ಹಲಗೆಯ ಮೇಲೆ ಬೇರೆ ಯಾವುದೋ ದೊಡ್ಡ ಹೆಸರಿದೆ. ಆಟೋದವರಿಗೆ ಅದನ್ನು ಹೇಳಿದರೆ ಪಿಳಿಪಿಳಿ ನೋಡುತ್ತಾರೆ. ಒಳಗೆ ಹೋಗಲು ಟಿಕೆಟ್ಟಿಲ್ಲ. ಹೊಂಗೆ, ಹುಣಸೆ, ಸಂಪಿಗೆಗಳ ನೆರಳು. ನಡುವೆ ಕಲ್ಲಿನ ಕೊಳ. ಸುತ್ತಲಿನ ಊರಿನವರು ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಚಿತ್ರಾನ್ನದ ಡಬ್ಬಿ ಬಿಚ್ಚಿ, ಒಂದು ನಿದ್ದೆ ತೆಗೆದು, ಸಂಜೆಯ ಬಸ್ಸಿಗೆ ಹಗುರಾಗಿ ಮರಳುತ್ತಾರೆ. ಖರ್ಚೆಂದರೆ ಬಸ್ ಚಾರ್ಜು ಮಾತ್ರ. ಇಷ್ಟು ಸಂಪಿಗೆಯಿರುವ ತೋಟಕ್ಕೆ ಕಂಬಳಿಯ ಹೆಸರು ಬಂದದ್ದು ಒಬ್ಬ ಹೆಂಗಸಿನ ದಣಿವಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ನಾಯಕರು ಆಳುತ್ತಿದ್ದ ಕಾಲದಲ್ಲಿ, ಇದು ಅರಮನೆಯ ಖಾಸಾ ತೋಟ. ಊರಿನವರಿಗೆ ದಕ್ಕುತ್ತಿದ್ದುದು ಬೇಲಿಯಾಚೆ ಬರುವ ಸಂಪಿಗೆಯ ವಾಸನೆ ಅಷ್ಟೇ. ಪೇಟೆಯಲ್ಲಿ ಮರುಳುಸೆಟ್ಟಿ ಎಂಬ ಕಂಬಳಿ ವ್ಯಾಪಾರಿಯಿದ್ದ. ಎಂಟು ಸಂತೆ ತಿರುಗುವವ. ಗಿರಾಕಿಯಿಲ್ಲದ ಕಡೆ ನೆರಳಿಗೂ ನಿಲ್ಲುವವನಲ್ಲ. ಅವನ ಹೆಂಡತಿ ಬೊಮ್ಮಕ್ಕ ಇಪ್ಪತ್ತು ವರ್ಷ ಒಲೆಯ ಮುಂದೆ ಹುಣಸೆಬೀಜದ ಗಂಜಿ ಕಾಯಿಸಿ, ಬಿಗಿ ಬರಲೆಂದು ನೇಯ್ದ ಕಂಬಳಿಗಳಿಗೆ ಹಚ್ಚಿದವಳು. ಒಮ್ಮೆ ಜ್ವರ ಬಂದು, ಅದು ಬಿಟ್ಟರೂ ಅವಳು ಚೇತರಿಸಿಕೊಳ್ಳಲಿಲ್ಲ. ಸ್ಥಳ ಬದಲಾಗದಿದ್ದರೆ ಉಳಿಯುವುದು ಕಷ್ಟ ಎಂದು ವೈದ್ಯ ಹೇಳಿಬಿಟ್ಟ. ಸೆಟ್ಟಿ ಯಾತ್ರೆಯ ಮಾತೆತ್ತಿದರೆ ಅವಳು, "ಕಾಶಿ ಬೇಡ, ರಾಮೇಶ್ವರಾನೂ ಬೇಡ. ಒಂದಿನ ಆ ತೋಟದಾಗೆ ಮರದ ಬುಡಕ್ಕೆ ಸುಮ್ನೆ ಕೂರ್ಬೇಕು, ಬೈಗಾಗೋ ತನಕ" ಎಂದಳು. "ಅರಮನೆ ತೋಟವಾ! ಕಾಶಿನೇ ಅಗ್ಗ ಆಯ್ತಲ್ಲೇ!" ಎಂದ ಸೆಟ್ಟಿ.

ಎಂದರೂ ಮರುದಿನ ಬೆಳಿಗ್ಗೆ ಹೊಸದೊಂದು ಕರಿಕಂಬಳಿ ಹೆಗಲಿಗೇರಿಸಿ, ಗೊಬ್ಬರದ ಗಾಡಿ ಹೋಗುವ ಸಂದಿಯಿಂದ ಹೆಂಡತಿಯನ್ನು ಒಳಗೆ ಕರೆತಂದು, ಹೊಂಗೆಯ ಕೆಳಗೆ ಹಾಸಿ ಕೂರಿಸಿದ. ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು: ಕರಿಕಂಬಳಿ ಹಾಸಿ ಕೂತವರನ್ನು ಮಾತು ಮುಗಿಯುವ ತನಕ ಯಾರೂ ಎಬ್ಬಿಸುವಂತಿಲ್ಲ, ಕೂತವರೂ ಮಾತು ತೀರದೆ ಏಳುವಂತಿಲ್ಲ. ನ್ಯಾಯ ತೀರ್ಮಾನಕ್ಕೆಂದು ಹಿರಿಯರು ಮಾಡಿಕೊಂಡದ್ದು. ಸೆಟ್ಟಿ ಅದನ್ನು ಹೆಂಡತಿಯ ಬಿಡುವಿಗೆ ಬಳಸಿದ. ಕಾವಲಿನವ ಓಡಿಬಂದ. "ಏಳ್ರೀ ಸೆಟ್ರೇ!" "ಮಾತು ಮುಗೀಲಿ ಕಣಪ್ಪ." "ಏನು ಮಾತು?" "ಇನ್ನೂ ಶುರುವೇ ಮಾಡಿಲ್ಲ."

ದೂರು ಹೋಗಿ ನಾಯಕನೇ ಸಿಟ್ಟಿನಿಂದ ಬಂದ. ಆದರೆ ಅವನ ಹಿರಿಯರು ಕುರಿ ಕಾದವರು. ಒಳ್ಳೆಯ ಕಂಬಳಿ ಕಂಡರೆ ಮುಟ್ಟದೆ ಇರಲಾರ. ಬಗ್ಗಿ ಅಂಚು ಹೊಸಕಿ, "ಯಾವ ಉಣ್ಣೆಯೋ ಇದು?" ಎಂದ. "ಮರಿಕುರಿದು ಬುದ್ಧಿ, ಮೊದಲ ಕತ್ತರಿದು. ಕೂತು ನೋಡಿದ್ರೇ ಗೊತ್ತಾಗೋದು" ಎಂದು ಸೆಟ್ಟಿಯ ನಾಲಿಗೆ ಸಂತೆಯ ಅಭ್ಯಾಸದಲ್ಲಿ ಆಡಿತು. ನಾಯಕ ಕೂತೇಬಿಟ್ಟ. ಕೂತ ಮೇಲೆ ಇಬ್ಬರಿಗೂ ಹೊಳೆಯಿತು: ಮಾತು ತೀರದೆ ಇನ್ನು ನಾಯಕನೂ ಏಳುವಂತಿಲ್ಲ. ಕಾವಲಿನವರು ನೋಡುತ್ತಿದ್ದಾರೆ, ಕಟ್ಟಳೆ ಮುರಿದು ಎದ್ದರೆ ನಾಳೆ ನಾಯಕನ ತೀರ್ಪಿಗೆ ಯಾರು ತಲೆಬಾಗುತ್ತಾರೆ? ಸೆಟ್ಟಿಯ ತಲೆಯಲ್ಲಿ ಎಂಟೂ ಸಂತೆಗಳ ಸುಂಕ ಮಾಫಿಯ ಮಾತು ಸಿದ್ಧವಾಯಿತು. ಬಾಯಿ ತೆರೆದವನು ಹೆಂಡತಿಯತ್ತ ನೋಡಿದ. ಬೊಮ್ಮಕ್ಕ ಮರಕ್ಕೊರಗಿದ್ದಳು, ತಿಂಗಳುಗಳ ಮೇಲೆ ಅವಳ ಉಸಿರು ನಿಧಾನವಾಗಿತ್ತು. ಈ ಮಾತು ಅವಳದು ಎಂದುಕೊಂಡು, "ನೀನೇ ಕೇಳೇ" ಎಂದ.

"ನನ್ನ ಗಂಡನಿಗೆ ಉಪಾಯ ಐತೆ, ನಾನು ಬಂದೆ ಬುದ್ಧಿ" ಎಂದಳು ಅವಳು. "ಉಪಾಯ ಇಲ್ದೋರು ಎಲ್ಲಿಗೆ ಹೋಗ್ಬೇಕು? ಹಾಸೋಕೆ ಏನಾದ್ರೂ ತಂದೋರು ಹಗಲೆಲ್ಲ ಕೂತು ಹೋಗ್ಲಿ ಬಿಡಿ."

ನಾಯಕ ನಕ್ಕು ಮಾತು ಕೊಟ್ಟ, ಎದ್ದು ಹೋದ. ಬೊಮ್ಮಕ್ಕ ಬೈಗಾಗುವವರೆಗೂ ಏಳಲಿಲ್ಲ. ಆಮೇಲೆ ವಾರಕ್ಕೊಮ್ಮೆ ಬಂದು ಕೂರುತ್ತ, ಮೊಮ್ಮಕ್ಕಳನ್ನು ಆಡಿಸುವಷ್ಟು ಕಾಲ ಬಾಳಿದಳಂತೆ. ಸುಂಕವೇನೂ ಮಾಫಿಯಾಗಲಿಲ್ಲ; ಆದರೆ ತೋಟದ ಬಾಗಿಲಲ್ಲೇ ಅಂಗಡಿ ಇಟ್ಟ ಸೆಟ್ಟಿ ಅದಕ್ಕಾಗಿ ಕೊರಗಿದ್ದನ್ನು ಯಾರೂ ಕಾಣಲಿಲ್ಲ ಎನ್ನುತ್ತಾರೆ.

ಈಗ ಬರುವವರು ಚಾಪೆ, ಬೆಡ್‌ಶೀಟು, ಏನೂ ಇಲ್ಲದಿದ್ದರೆ ಹಳೆಯ ಪೇಪರು ಹಾಸುತ್ತಾರೆ. ಸಂಜೆ ಸೀಟಿ ಊದಿದ ಮೇಲೂ ಇಲ್ಲಿನ ಕಾವಲುಗಾರ ಯಾರಿಗೂ "ಏಳಿ" ಎನ್ನುವುದಿಲ್ಲ. ಹತ್ತಿರ ಬಂದು ನಿಂತು, "ಮಾತು ಮುಗೀತಾ ಅಣ್ಣಾ?" ಎಂದು ಕೇಳುತ್ತಾನೆ. ಇನ್ನೂ ಇಲ್ಲ ಎಂದರೆ, ಮುಂದಿನ ಚಾಪೆಯವರನ್ನು ಕೇಳಿಕೊಂಡು ಮತ್ತೆ ಬರುತ್ತಾನೆ.