ಸೊನ್ನೆ ತೋರಿಸಿದ ಪರದೆ

ತಾರಸಿಯ ಮಳೆಮಾಪಕ ತಂತಿಯಿಲ್ಲದೆ ಕಳಿಸುವ ಲೆಕ್ಕವನ್ನು ನಡುಮನೆಯ ಗೋಡೆಯಲ್ಲಿದ್ದ ಪರದೆ ತೋರಿಸುತ್ತಿತ್ತು. "ಇಂದು ಮಳೆ ಸೊನ್ನೆ" ಎಂದು ಅದು ಸಾರಿತು.

ಆಗಷ್ಟೇ ಬೀದಿಯಿಂದ ಬಂದ ಕೊಡೆ ನೀರು ತೊಟ್ಟಿಕ್ಕಿಸುತ್ತಾ ಕೇಳಿತು: "ಹಾಗಾದರೆ ನನ್ನ ಮೈಮೇಲಿರುವುದೇನು?"

"ಅದು ನಿನ್ನ ಸ್ವಂತ ಅನುಭವ. ನನಗೆ ಮೇಲಿನಿಂದ ವರದಿ ಬಂದಿಲ್ಲ."

"ಹೇಗೆ ಬಂದೀತು? ಮಳೆಮಾಪಕದ ಬಾಯಿಗೆ ಪಾರಿವಾಳದ ಹಿಕ್ಕೆ ಮೆತ್ತಿಕೊಂಡಿದೆ. ತೊಳೆಯಲು ಯಾರೂ ಮೇಲೆ ಹತ್ತಿಲ್ಲ."

"ಅದು ನನಗೇಕೆ? ನನ್ನನ್ನಂತೂ ಯಜಮಾನರು ದಿನಾ ಒರೆಸುತ್ತಾರೆ."

ಅಷ್ಟರಲ್ಲಿ ಯಜಮಾನ ಪದ್ಮನಾಭಯ್ಯನವರು ಪರದೆ ನೋಡಿದರು. ಹೊರಗೆ ಮಳೆಯ ಸದ್ದು ಕೇಳಿಯೂ ಕೊಡೆ ಮುಟ್ಟದೆ ಹೊರಟರು. ಬೀದಿಯ ತಿರುವು ದಾಟುವ ಮೊದಲೇ ತೊಯ್ದು ತೊಪ್ಪೆಯಾಗಿ ಮರಳಿದರು. ಟವೆಲು ತೆಗೆದುಕೊಂಡು, ತಲೆಗಿಂತ ಮೊದಲು ಪರದೆಯನ್ನು ಒರೆಸಿದರು.

ಸೊನ್ನೆ ಇನ್ನಷ್ಟು ಫಳಫಳ ಹೊಳೆಯಿತು.