ಬೆರಳು ತೆಗೆದರೂ ನಿಲ್ಲದ ಹಾರ್ನ್

"ಸ್ವಾಮಿ, ಸಣ್ಣ ಮಾತಿಗೆ ಹುಟ್ಟಿದ ಸಿಟ್ಟು ಆ ಮಾತಿಗಿಂತ ದೊಡ್ಡದಾಗುವುದು ಏಕೆ? ಅದು ನಿಲ್ಲುವುದು ಯಾವಾಗ?" ಎಂದು ಶಿಷ್ಯ ಕರಿಸಿದ್ದ ಕೇಳಿದ.

ಅವನು ಕೇಳುವಾಗ ಅವನ ಅಣ್ಣ ಮಠದ ಬಾಗಿಲಲ್ಲಿ ಬಿಸಿಲಿಗೆ ನಿಂತಿದ್ದ. ಅಪ್ಪನ ತಿಥಿಯ ದಿನ, ಪಂಕ್ತಿಯ ನಡುವೆ, ತಮ್ಮನನ್ನು ತೋರಿಸಿ, "ತಿರುಬೋಕಿ ಬಂದ, ಅವನಿಗೂ ಒಂದು ಎಲೆ ಹಾಕಿ" ಎಂದಿದ್ದವನು ಆತ. ಈಗ ತಪ್ಪಾಯಿತು ಎನ್ನಲು ಬಂದಿದ್ದ. ಕರಿಸಿದ್ದ ಅವನ ಮುಖ ನೋಡಲು ಒಪ್ಪಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಲಾರಿ ಡ್ರೈವರ್ ಇದ್ದ. ದಾರಿ ಬಿಡದವರೆಲ್ಲ ಅವನಿಗೆ ವೈರಿಗಳು. ಇದ್ದ ಹಾರ್ನ್ ಸಾಲದೆಂದು ಬಸ್ಸಿನವರೂ ಬೆಚ್ಚುವಂಥ ಗಾಳಿ ಹಾರ್ನ್ ತಂದ. ಅದರ ತಂತಿಯನ್ನು ನೇರ ಬಟನ್ನಿಗೆ ಕೊಟ್ಟ. ಬಟನ್ ಕರಗಿತು. ಉರಿದುಕೊಂಡು ವೈರಿಂಗ್ ಅಂಗಡಿಗೆ ಹೋದ.

ಅಂಗಡಿಯವನು ಹೇಳಿದ: "ಅಷ್ಟು ಕರೆಂಟನ್ನು ಬಟನ್ ಹೊರುವುದಿಲ್ಲ. ನಡುವೆ ರಿಲೇ ಬೇಕು. ಬಟನ್ನಿನ ಸಣ್ಣ ಕರೆಂಟು ರಿಲೇಯೊಳಗಿನ ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ. ಅದು ತಗಡನ್ನು ಎಳೆದು ಎರಡು ಪಾಯಿಂಟ್ ಕೂಡಿಸುತ್ತದೆ. ಆಗ ಬ್ಯಾಟರಿಯ ದೊಡ್ಡ ಕರೆಂಟು ನೇರ ಹಾರ್ನಿಗೆ ಹೋಗುತ್ತದೆ. ಬೆರಳು ತೆಗೆದರೆ ಅಯಸ್ಕಾಂತ ಸಾಯುತ್ತದೆ, ಸ್ಪ್ರಿಂಗು ತಗಡನ್ನು ಬಿಡಿಸುತ್ತದೆ. ನಿನ್ನ ಲಾರಿ ಇಪ್ಪತ್ನಾಲ್ಕು ವೋಲ್ಟಿನದು, ರಿಲೇಯೂ ಅಷ್ಟೇ ವೋಲ್ಟಿನದಾಗಬೇಕು. ಹಾರ್ನಿಗೆ ಗಾಳಿ ತುಂಬುವ ಮೋಟಾರು ಶುರುವಾಗುವಾಗ, ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಅದನ್ನು ತಡೆಯುವಷ್ಟು ಆಂಪಿಯರಿನದು ತಗೋ. ಬ್ಯಾಟರಿಯ ಹತ್ತಿರ ಫ್ಯೂಸ್ ಹಾಕು."

"ಪುರಾಣ ಸಾಕು ಮಾರಾಯ. ಟಕ್ ಅಂದರೆ ರಿಲೇ, ಅನ್ನದಿದ್ದರೆ ಗುಜರಿ" ಎಂದ ಡ್ರೈವರ್. ಅಂಗಡಿಯ ಡಬ್ಬದಲ್ಲಿ ಕೈಯಾಡಿಸಿ, ಸಣ್ಣ ದೀಪಕ್ಕೆ ಹಾಕುವ ರಿಲೇ ಒಂದನ್ನು ಎತ್ತಿ, ಬ್ಯಾಟರಿಗೆ ಮುಟ್ಟಿಸಿ ಕಿವಿಗೆ ಹಿಡಿದ. ಟಕ್ ಎಂದಿತು. "ಕೇಳಿದೆಯಾ? ಜೀವ ಇದೆ!"

"ಅದು ಸುರುಳಿ ತಗಡನ್ನು ಎಳೆದ ಸದ್ದು. ಭಾರ ಹೊರುವುದು ಪಾಯಿಂಟು. ಕೂಡುವುದನ್ನು ಕೇಳಿಸಿಕೊಂಡೆ, ಭಾರ ಬಿದ್ದ ಮೇಲೆ ಬಿಡುತ್ತದೋ ಇಲ್ಲವೋ ನೋಡಲಿಲ್ಲ" ಎಂದ ಅಂಗಡಿಯವನು.

ಡ್ರೈವರ್ ನಿಂತು ಕೇಳಲಿಲ್ಲ. ರಿಲೇಯನ್ನು ತಾನೇ ಕೂರಿಸಿದ. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿದ.

ದಾರಿಯಲ್ಲಿ ಒಂದು ಹುಲ್ಲಿನ ಗಾಡಿ ಅಡ್ಡ ಬಂತು. ಡ್ರೈವರ್ ಹಲ್ಲು ಕಚ್ಚಿ ಬಟನ್ ಒತ್ತಿದ. ರಿಲೇಯೊಳಗೆ ಕಿಡಿ ಹಾರಿ ಪಾಯಿಂಟುಗಳು ಕರಗಿ ಅಂಟಿದವು. ಬೆರಳು ತೆಗೆದ. ಹಾರ್ನ್ ನಿಲ್ಲಲಿಲ್ಲ. ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿದ. ಹಾರ್ನ್ ನಿಲ್ಲಲಿಲ್ಲ. ಬಟನ್ನನ್ನೇ ಕಿತ್ತೆಸೆದ. ಅದು ಕೂಗುತ್ತಲೇ ಇತ್ತು. ಸುತ್ತ ಜನ ಕಿವಿ ಮುಚ್ಚಿಕೊಂಡು ಬೈದರು. "ನಾನು ಬಿಟ್ಟಿದ್ದೇನೆ ಕಣ್ರೋ!" ಎಂದು ಇವನು ಅರಚಿದ. ಯಾರಿಗೂ ಕೇಳಿಸಲಿಲ್ಲ.

ಗಾಡಿಯವನು ಗಾಡಿಯನ್ನು ಬದಿಗೆ ಸರಿಸಿ, ಎತ್ತುಗಳನ್ನು ಕಟ್ಟಿ ಓಡಿಬಂದ. ಕೈಯಾಡಿಸಿ ಏನೋ ಹೇಳಿದ. ಬೈಯುತ್ತಿದ್ದಾನೆಂದು ತಿಳಿದು ಡ್ರೈವರ್ ಅವನ ತಾಯಿ ತಂದೆಯರನ್ನೆಲ್ಲ ಬೀದಿಗೆಳೆದ. ಗಾಡಿಯವನು ಮತ್ತೆ ಹೇಳಿದ. ಇವನು ಮತ್ತೆ ಬೈದ.

ಕೊನೆಗೆ ಬ್ಯಾಟರಿ ಬರಿದಾಗಿ ಹಾರ್ನ್ ಮುಲುಗಿ ಸತ್ತಿತು. ಆಗ ಗಾಡಿಯವನ ಮಾತು ಕೇಳಿಸಿತು: "ಬ್ಯಾಟರಿ ತಂತಿ ಬಿಚ್ಚಪ್ಪಾ, ನಿಲ್ಲುತ್ತದೆ ಅಂತ ಆಗಿನಿಂದ ಬಡಕೊಳ್ಳುತ್ತಿದ್ದೇನೆ."

ಈಗ ದಾರಿ ತೆರವಾಗಿತ್ತು. ಲಾರಿ ಮಾತ್ರ ಸ್ಟಾರ್ಟ್ ಆಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. "ಕತೆ ಸರಿ ಸ್ವಾಮಿ. ಮೊದಲು ಒತ್ತಿದವನು ಅವನಲ್ಲವೇ?" ಎಂದು ಕರಿಸಿದ್ದ ಬಾಗಿಲಿನತ್ತ ಬೆರಳು ತೋರಿಸಿದ.

"ಒತ್ತಿದವನು ಬೆರಳು ತೆಗೆದು ಬಿಸಿಲಲ್ಲಿ ನಿಂತಿದ್ದಾನೆ, ಈಗ ಬರಿದಾಗುತ್ತಿರುವುದು ಯಾರ ಬ್ಯಾಟರಿ?"

ಕರಿಸಿದ್ದ ಚಾಚಿದ ಬೆರಳನ್ನು ಮಡಿಚಿಕೊಂಡ.