ಮಾಸಿದಂಗಿ ಮೆಟ್ಟಿಲು

ಅಮೆರಿಕದ ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯಲ್ಲಿ ಸೇಂಟ್ ಓಡಿಲ್ ಎಂಬ ಮಹಾನಗರವಿದೆ. ನದಿಯ ಮೇಲೆ ಉಕ್ಕಿನ ಸೇತುವೆಗಳು, ದಂಡೆಯುದ್ದಕ್ಕೂ ಕೆಂಪು ಇಟ್ಟಿಗೆಯ ಹಳೆಯ ಗೋದಾಮುಗಳು, ಅವುಗಳ ಹಿಂದೆ ಗೋಡೆಯಂತೆ ಎದ್ದ ಸುಣ್ಣಕಲ್ಲಿನ ದಿಬ್ಬ, ದಿಬ್ಬದ ಮೇಲೆ ಫ್ರೆಂಚರು ಕಟ್ಟಿದ ಇಗರ್ಜಿ, ಇಗರ್ಜಿಯ ಸುತ್ತ ಬೆಳೆದ ಊರು. ತುಪ್ಪಳದ ವ್ಯಾಪಾರದಿಂದ ಹುಟ್ಟಿ, ಹತ್ತಿ ಗೋಧಿ ಸಾಗಿಸುವ ಉಗಿಹಡಗುಗಳಿಂದ ಕೊಬ್ಬಿದ ಪಟ್ಟಣವಿದು. ದಿಬ್ಬದಿಂದ ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿಗೆ ನಗರಸಭೆಯ ಫಲಕದಲ್ಲಿ ‘ದೆಲಾರ್ಮ್ ಸೋಪಾನ’ ಎಂದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಯಾರಿಗೂ ತಿಳಿಯದು. ಊರವರ ಬಾಯಲ್ಲಿ ಅದು ಮಾಸಿದಂಗಿ ಮೆಟ್ಟಿಲು.

ಹಿಂದೆ ಒಮ್ಮೆ, ಉಗಿಹಡಗುಗಳು ಆಗತಾನೇ ಬರತೊಡಗಿದ್ದ ಕಾಲದಲ್ಲಿ, ದಿಬ್ಬದ ಮೇಲೆ ಪೆಲಾಜಿ ಎಂಬ ವಿಧವೆ ಇದ್ದಳು ಎನ್ನುತ್ತಾರೆ. ಅವಳ ಗಂಡ ಕಲ್ಲುಕುಟಿಗನಾಗಿದ್ದ. ಅವನು ಸತ್ತ ಮೇಲೆ ಉಳ್ಳವರ ಬಟ್ಟೆ ಒಗೆದು ಬದುಕುತ್ತಿದ್ದಳು. ಬಂಡೆಯ ಸೀಳಿನಲ್ಲಿದ್ದ ಕಾಲುದಾರಿಯೊಂದೇ ಒಗೆಯುವ ಹೆಂಗಸರಿಗೆ ನದಿಯ ದಾರಿ. ದೆಲಾರ್ಮ್ ಎಂಬ ವರ್ತಕ ಅದರ ಬಾಯಿಗೇ ಗೋದಾಮು ಕಟ್ಟಿಸಿದ. ಅಂದಿನಿಂದ ಒದ್ದೆ ಬಟ್ಟೆಯ ಹೊರೆ ಹೊತ್ತು ದಿಬ್ಬವನ್ನೆಲ್ಲ ಬಳಸಿ, ಗಾಡಿಗಳು ಕಲಸಿದ ಕೆಸರಿನಲ್ಲಿ ನಡೆಯಬೇಕಾಯಿತು. ಪೆಲಾಜಿ ನಗರಸಭೆಗೆ ಹೋಗಿ ಬೇರೆ ದಾರಿ ಕೇಳಿದಳು. ಅಧ್ಯಕ್ಷರು ಬಹಳ ವಿನಯದಿಂದ, ಬೇಸಿಗೆಗೆ ಮೆಟ್ಟಿಲು ಕಡಿಸೋಣ ಎಂದರು. ಬೇಸಿಗೆ ಬಂದಾಗ, ನದಿ ಇಳಿಯಲಿ ಎಂದರು. ನದಿ ಇಳಿದಾಗ, ದೆಲಾರ್ಮ್ ಅವರನ್ನೊಂದು ಮಾತು ಕೇಳಬೇಕು ಎಂದರು. ದೆಲಾರ್ಮ್, ತನ್ನದೇನೂ ಅಡ್ಡಿಯಿಲ್ಲ, ನಗರಸಭೆಯನ್ನೇ ಕೇಳು ಎಂದ. ಇಲ್ಲವೆಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಬಹುದಿತ್ತು, ಯಾರೂ ಇಲ್ಲವೆನ್ನಲಿಲ್ಲ. ಪೆಲಾಜಿ ಹಲ್ಲು ಕಚ್ಚಿಕೊಂಡು ಹೋಗಿ ಬರುತ್ತಲೇ ಇದ್ದಳು. ಅಷ್ಟರಲ್ಲಿ ಅವಳ ನೆರೆಮನೆಯ ಸುಜೆತ್, ತುಂಬು ಬಸುರಿ, ಆ ಕೆಸರಿನಲ್ಲಿ ಹೊರೆಸಮೇತ ಜಾರಿ ಬಿದ್ದಳು. ಸುಜೆತ್ ಬದುಕಿದಳು, ಮಗು ಉಳಿಯಲಿಲ್ಲ. ಅಧ್ಯಕ್ಷರು ತುಂಬ ದುಃಖವಾಯಿತೆಂದು ಹೇಳಿ ಕಳಿಸಿದರು.

ಆ ವಾರ ಒಗೆಯುವ ಹೆಂಗಸರು ಎಂದಿನಂತೆ ಮನೆಮನೆಗೂ ಹೋಗಿ ಮಾಸಿದ ಬಟ್ಟೆ ತಂದರು, ಆದರೆ ನದಿಗೆ ಇಳಿಯಲಿಲ್ಲ. ಗಂಟುಗಳನ್ನೆಲ್ಲ ನಗರಸಭೆಯ ಸಭಾಂಗಣದಲ್ಲಿ ರಾಶಿ ಹಾಕಿ ಸುತ್ತ ಕುಳಿತರು. ಬೆವರಿನ ವಾಸನೆಗೆ ಸದಸ್ಯರು ಮೂಗು ಮುಚ್ಚಿಕೊಂಡರು.

“ಇದೇನಮ್ಮ ಪೆಲಾಜಿ? ನಾಳೆ ಗವರ್ನರ್ ಬರುತ್ತಾರೆ, ನಮ್ಮ ಅಂಗಿಗಳ ಗತಿಯೇನು?” ಎಂದರು ಅಧ್ಯಕ್ಷರು.

“ಒಗೆಯೋಣ ಸ್ವಾಮಿ. ನದಿ ಇಳಿಯಲಿ.”

“ನದಿ ಇಳಿದು ಎಷ್ಟೋ ದಿನವಾಯಿತಲ್ಲ!”

“ಹಾಗಾದರೆ ದೆಲಾರ್ಮ್ ಸಾಹುಕಾರರನ್ನೊಂದು ಮಾತು ಕೇಳಿ ಬರುತ್ತೇನೆ,” ಎಂದಳು ಪೆಲಾಜಿ, ಕುಳಿತಲ್ಲಿಂದ ಏಳದೆ.

ಮರುದಿನ ಊರಿನ ಗಣ್ಯರೆಲ್ಲ ಸುಡುಬಿಸಿಲಿನಲ್ಲಿ ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು, ಒಳಗಿನ ಮಾಸಿದ ಅಂಗಿ ಮುಚ್ಚಿ, ಗವರ್ನರರನ್ನು ಎದುರುಗೊಂಡರಂತೆ. ಮುಂದಿನ ವಾರವೇ ಕಲ್ಲುಕುಟಿಗರು ಬಂದರು. ಗೋದಾಮಿನ ಪಕ್ಕದಲ್ಲಿ ಮೆಟ್ಟಿಲು ಎದ್ದಿತು. ಜಾಗ ಬಿಟ್ಟುಕೊಟ್ಟ ಉದಾರಿಯೆಂದು ದೆಲಾರ್ಮನ ಹೆಸರನ್ನೂ ಇಟ್ಟರು. ಪೆಲಾಜಿ ಹೊರೆ ಹೊತ್ತು ಮೊದಲ ಸಲ ಹತ್ತಿದಳು. ಅರ್ಧಕ್ಕೆ ಬಂದಾಗ ದಣಿದು ನಿಂತಳು. ಹೊರೆ ಇಳಿಸೋಣವೆಂದರೆ ಎಲ್ಲೂ ಜಾಗವಿಲ್ಲ. ಹೊರೆ ಹೊತ್ತೇ ಗೊತ್ತಿಲ್ಲದವರು ನೆಟ್ಟಗೆ ಕಡಿಸಿದ ಮೆಟ್ಟಿಲು. ಅವಳಿಗೆ ಅಳು ಬಂತು. ಹೇಗೋ ಹತ್ತಿ, ಮೇಲೆ ನಿಂತಿದ್ದ ಅಧ್ಯಕ್ಷರಿಗೆ ನಡುವೆ ಹೊರೆ ಇಳಿಸಲು ಜಾಗ ಬೇಕೆಂದು ಹೇಳಿದರೆ, “ಬರುವ ವರ್ಷ ನೋಡೋಣಮ್ಮ,” ಎಂದರು. ಪೆಲಾಜಿ ಮನೆಗೆ ಹೋಗಿ, ಗಂಡನ ಸುತ್ತಿಗೆ ಉಳಿ ಹಿಡಿದು ಬಂದಳು.

ಇಂದಿಗೂ ಹತ್ತುವವರಿಗೆ ನಡುದಾರಿಯಲ್ಲಿ, ಬಲಗಡೆಯ ಬಂಡೆಯಲ್ಲಿ, ಹೊರೆ ಇಳಿಸಲೆಂದು ಸೊಂಟದೆತ್ತರಕ್ಕೆ ಕೊರೆದ ಒಂದು ಹೊರೆಗಲ್ಲು ಕಾಣುತ್ತದೆ. ಅಂಚು ಸೊಟ್ಟ, ಉಳಿಯ ಏಟುಗಳು ಅಡ್ಡಾದಿಡ್ಡಿ. ನದಿ ನೋಡಲು ಬಂದ ಪ್ರವಾಸಿಗರು ಏದುಸಿರು ಬಿಡುತ್ತ ಅದರ ಮೇಲೆ ತಮ್ಮ ಚೀಲ ಇಳಿಸಿ, ಉಳಿದ ಮೆಟ್ಟಿಲುಗಳನ್ನು ಕತ್ತೆತ್ತಿ ನೋಡಿ, ಅವನ್ನು ಕಟ್ಟಿಸಿದವರನ್ನು ಬೈಯುತ್ತಾರೆ.